ಆಗತ್ತಪ್ಪನಿಗೆ ಏನಾಗಿದೆ?

ನೀರಿನ ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂರುವ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದ ಲೋಕಕ್ಕೆಲ್ಲ ಅವನು ಆಗತ್ತಪ್ಪ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದವರಿಗೆ "ಆಗತ್ತೆ, ಆಗತ್ತೆ" ಎನ್ನುತ್ತಿದ್ದ. ಬಂದ ನೀರು ನಿಲ್ಲುತ್ತಲೇ ಇಲ್ಲ ಎಂದು ಬಂದವರಿಗೂ "ಆಗತ್ತೆ, ಆಗತ್ತೆ" ಎನ್ನುತ್ತಿದ್ದ. ಆಗುತ್ತಿತ್ತೋ ಇಲ್ಲವೋ, ಅದು ಬೇರೆ ವಿಭಾಗದ ವಿಷಯ. ಬೈಯುತ್ತ ಬಂದವರು ಅರ್ಧ ಸಮಾಧಾನದಿಂದ ಹೋಗುತ್ತಿದ್ದರು. ಉಳಿದರ್ಧಕ್ಕೆ ಮಾರನೆಯ ದಿನ ಮತ್ತೆ ಬರುತ್ತಿದ್ದರು.

ಊರಿನವರ ದೂರನ್ನೆಲ್ಲ ಕೇಳುವವನಿಗೆ ತನ್ನ ದೂರು ಹೇಳಿಕೊಳ್ಳಲು ಇದ್ದದ್ದು ಒಂದೇ ಕಿಟಕಿ, ಅವನ ಹೆಂಡತಿ. ಅವಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಹಾಗೆ ಕರೆಯುವಂತಿಲ್ಲದವನು ಇಡೀ ಬೀದಿಯಲ್ಲಿ ಇವನೊಬ್ಬನೇ. ಸಂಜೆ ಡ್ಯೂಟಿ ಮುಗಿಸಿ ಬಂದವಳು ಮಹಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರೆ ಇವನು ಎರಡು ಲೋಟ ಟೀ ತಂದು ಪಕ್ಕದಲ್ಲಿ ಕೂರುತ್ತಿದ್ದ. ಅವಳು ವಾರ್ಡಿನ ಕಥೆ ಹೇಳುತ್ತಿದ್ದಳು, ಇವನು ನಲ್ಲಿಯ ಕಥೆ. ಅರ್ಧ ಗಂಟೆ, ಅಷ್ಟೇ. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲಂತೂ ಆ ಅರ್ಧ ಗಂಟೆಯನ್ನೇ ಅವನು ಮನೆ ಎಂದುಕೊಂಡಿದ್ದ.

ಅದನ್ನು ಕೈಯಾರೆ ಕಳೆದುಕೊಂಡವನೂ ಇವನೇ.

ಒಂದು ಸಂಜೆ ಅವಳು ಟೀ ಕುಡಿಯದೆ ಲೋಟವನ್ನು ತಿರುಗಿಸುತ್ತ ಕೂತಿದ್ದಳು. ಸೂಜಿ ಹಿಡಿಯುವುದನ್ನು ಅವಳೇ ಕಲಿಸಿದ್ದ ಹುಡುಗಿಯೊಬ್ಬಳು ಆ ದಿನ ವಾರ್ಡಿನ ಇನ್‌ಚಾರ್ಜ್ ಆಗಿದ್ದಳು. ಆ ಹುಡುಗಿಗೆ ಡಿಗ್ರಿ ಇತ್ತು. ಇವಳದು ಹಳೇ ಡಿಪ್ಲೊಮಾ.

"ಹುಡುಗಿ ಒಳ್ಳೇವಳೇ ರೀ. ಆದ್ರೆ ಇನ್ಮೇಲೆ ನಾನು ಅವಳನ್ನ ಮೇಡಂ ಅನ್ಬೇಕು," ಎಂದಳು. ಆಮೇಲೆ ಲೋಟದೊಳಗೇ ನೋಡುತ್ತ, "ನಮ್ಮಂಥವರಿಗೆ ಡಿಗ್ರಿ ಮುಗಿಸ್ಕೊಳ್ಳೋಕೆ ಒಂದು ಕೋರ್ಸ್ ಇದೆಯಂತೆ. ಕೆಲಸ ಮಾಡ್ಕೊಂಡೇ ಎರಡು ವರ್ಷ. ಕ್ಲಾಸೆಲ್ಲ ಸಂಜೆ, ಕಂಪ್ಯೂಟರಲ್ಲೇ. ಚಿಕ್ಕವಳಿದ್ದಾಗಿಂದ ಆಸೆ ನಂಗೆ. ಈ ವಯಸ್ಸಲ್ಲಿ ಆಗತ್ತಾ?" ಎಂದಳು.

ಯಾರನ್ನು ಕೇಳಬಾರದಿತ್ತೋ ಅವನನ್ನೇ ಕೇಳಿದಳು. "ಆಗತ್ತೆ!" ಎಂದ. ಮಾರನೆಯ ದಿನ ಕಚೇರಿಯಲ್ಲಿ, ಪರೀಕ್ಷೆ ಬರೆಯುವವನು ತಾನೇ ಎಂಬಂತೆ ಎದೆ ಉಬ್ಬಿಸಿ, "ನಮ್ಮವಳನ್ನ ಗ್ರಾಜುಯೇಟ್ ಮಾಡ್ತಿದ್ದೀನಿ" ಎಂದು ಮೇಜಿನಿಂದ ಮೇಜಿಗೆ ಹೇಳಿಕೊಂಡು ಬಂದ. ಸಂಜೆ ಎಂದರೆ ಅದೇ ಸಂಜೆ ಎಂದು ಅವನಿಗೆ ಹೊಳೆದದ್ದು ಕ್ಲಾಸು ಶುರುವಾದ ದಿನ.

ಒಂದು ವರ್ಷ ಹೀಗೇ ಕಳೆಯಿತು. ಮುಚ್ಚಿದ ಬಾಗಿಲ ಒಳಗೆ ಅವಳು, ಲ್ಯಾಪ್‌ಟಾಪಿನ ಪರದೆಯ ಮೇಲೆ ಚೌಕ ಚೌಕವಾಗಿ ಅವಳಂಥದೇ ದಣಿದ ನರ್ಸುಗಳು, ಪ್ರೊಫೆಸರ್ ಮೇಡಂ ಅವರ ಕಂಚಿನ ಕಂಠ. ಹೊರಗೆ ಇವನು ಮತ್ತು ಎರಡು ಲೋಟ ಟೀ. ಎರಡು ಮಾಡುವ ಅಭ್ಯಾಸ ಬಿಡಲಾಗದೆ ಎರಡನ್ನೂ ತಾನೇ ಕುಡಿದು ನಿದ್ದೆಗೆಡುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮದ್ದು ಹೌದೋ ಅಲ್ಲವೋ ನೋಡೋಣವೆಂದರೆ ಇವನ ಪಾಲಿಗೆ ಹಿತ್ತಲ ಬಾಗಿಲೇ ತೆರೆಯುತ್ತಿರಲಿಲ್ಲ.

ಹೀಗಿರುವಾಗ ಕೋರ್ಸಿನಲ್ಲಿ ಒಂದು ಹೊಸ ಕೆಲಸ ಬಂತು. ಮನೆಯ ಹತ್ತಿರ ಇರುವ, ಏನಾದರೊಂದು ತೊಂದರೆ ಇರುವ ಒಬ್ಬರನ್ನು ಆರಿಸಿಕೊಳ್ಳಬೇಕು. ಕೆಲವು ವಾರ ದಿನವೂ ಅರ್ಧ ಗಂಟೆ ಅವರ ಜೊತೆ ಕೂತು ವಿಚಾರಿಸಿ ಆರೈಕೆ ಮಾಡಬೇಕು. ಕೊನೆಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮುಂದೆ ವೈವಾ ಕೊಡಬೇಕು.

ದಿನವೂ ಅರ್ಧ ಗಂಟೆ! ಆಗತ್ತಪ್ಪನ ಕಿವಿ ನೆಟ್ಟಗಾಯಿತು. "ನನ್ನನ್ನೇ ಆರಿಸ್ಕೋ," ಎಂದ.

ಅವಳು ಅವನನ್ನು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. "ನಿಮಗೇನಾಗಿದೆ ರೀ? ಕಲ್ಲು ತಿಂದ್ರೂ ಕರಗತ್ತೆ."

"ಏನಾದ್ರೂ ಆಗತ್ತೆ," ಎಂದ ಆಸೆಯಿಂದ.

ಅವಳು ನಕ್ಕು, ಕೆಳಗಿನ ಮನೆಯ ಓನರ್ ಅಜ್ಜನನ್ನು ಆರಿಸಿಕೊಂಡಳು. ಅಜ್ಜನಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ಕಾಲಿನ ಜೋಮು, ಸಾಲದೆಂಬಂತೆ ಕಿವಿಯೂ ಮಂದ. ದೇವರು ಕೊಡುವವರಿಗೇ ಕೊಡುತ್ತಾನೆ ಎಂದು ಆಗತ್ತಪ್ಪ ನಿಟ್ಟುಸಿರುಬಿಟ್ಟ. ಕ್ಲಾಸು ಮುಗಿದದ್ದೇ ಅವಳು ಕೆಳಗೆ ಹೋಗುತ್ತಿದ್ದಳು. ಇವನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ.

"ಕಣ್ಣು ಮುಚ್ಕೊಳ್ಳಿ ಅಜ್ಜ. ಹತ್ತಿ ಎಲ್ಲಿ ಮುಟ್ಟಿದೆ ಹೇಳಿ?"

"ಹೆಬ್ಬೆರಳು!"

"ಕರೆಕ್ಟ್! ನಿನ್ನೆ ನಿದ್ದೆ ಬಂತಾ? ಏನು ತಿಂದ್ರಿ? ಮನಸ್ಸಿಗೆ ಏನಾದ್ರೂ ಬೇಜಾರಿದೆಯಾ?"

ಮನಸ್ಸಿಗೆ ಬೇಜಾರಿದೆಯಾ ಎಂದು ತನ್ನನ್ನು ಯಾರಾದರೂ ಕೇಳಿ ಒಂದು ವರ್ಷವಾಗಿತ್ತು. ಆಗತ್ತಪ್ಪ ಮೆಟ್ಟಿಲ ಮೇಲೆಯೇ ಕಣ್ಣು ಮುಚ್ಚಿ ತನ್ನ ಹೆಬ್ಬೆರಳನ್ನು ತಾನೇ ಮುಟ್ಟಿಕೊಂಡ. ಸ್ಪರ್ಶಜ್ಞಾನ ಚೆನ್ನಾಗಿಯೇ ಇತ್ತು, ಹಾಳಾದ್ದು.

ತನಗೂ ಏನಾದರೂ ಆಗಲೇಬೇಕು ಎಂದು ಅವನು ತೀರ್ಮಾನಿಸಿದ್ದು ಆ ದಿನ. ಅಜ್ಜನಿಗಿಂತ ಗಟ್ಟಿಯಾದ ಕಾಯಿಲೆಯೊಂದು ಸಿಕ್ಕರೆ ಅವಳು ಕೇಸು ಬದಲಿಸಿಯಾಳು. ಕಾಯಿಲೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ನಿಂತರೆ ಕೋಣೆಯಿಂದ ಪ್ರೊಫೆಸರ್ ಮೇಡಂ ಪಾಠ ಸ್ವಚ್ಛವಾಗಿ ಕೇಳುತ್ತಿತ್ತು. ಆದರೆ ಆ ಮಂಗಳವಾರ ಪಾಠದ ಹೆಸರನ್ನು ಮೇಡಂ ಹೇಳುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು. ಲೋಕದ ಎಷ್ಟೋ ಅನಾಹುತಗಳು ಹೀಗೆ ಕುಕ್ಕರಿನ ಸೀಟಿಯಿಂದಲೇ ಆರಂಭವಾಗಿರಬೇಕು. ಇತಿಹಾಸ ಬರೆಯುವವರು ಗಮನಿಸಿಲ್ಲ ಅಷ್ಟೇ.

ಸೀಟಿ ನಿಂತ ಮೇಲೆ ಕೇಳಿದ್ದು ಇಷ್ಟು: ಬೆಳಗಿನ ಹೊತ್ತು ಓಕರಿಕೆ. ಒಗ್ಗರಣೆಯ ವಾಸನೆ ಸೇರದಿರುವುದು. ಹುಳಿ ತಿನ್ನಬೇಕೆನಿಸುವುದು. ಸೊಂಟ ನೋವು, ಪಾದದಲ್ಲಿ ಬಾವು, ಮೇಲಿಂದ ಮೇಲೆ ಬಚ್ಚಲಿಗೆ ಹೋಗುವುದು. ಕೆಲವರಿಗೆ ಕಾರಣವಿಲ್ಲದೆ ಅಳು. ಇದಂತೂ ನನಗೆ ಆಗಲೇ ಇದೆಯಲ್ಲ ಎಂದು ಈರುಳ್ಳಿಯ ಮುಂದೆ ಕಣ್ಣೊರೆಸಿಕೊಂಡು ಆಗತ್ತಪ್ಪ ಹಿಗ್ಗಿದ. ಮೇಡಂ ಮುಂದುವರಿಸಿದರು. "ಇಂಥವರನ್ನ ಮನೆಯವರು ತುಂಬ ಪ್ರೀತಿಯಿಂದ ನೋಡ್ಕೋಬೇಕು. ದಿನಾ ಪಕ್ಕದಲ್ಲಿ ಕೂತು ಮಾತಾಡಿಸ್ಬೇಕು."

ಸಿಕ್ಕಿತು! ಇದೇ ತನಗೆ ಬೇಕಾದ ಕಾಯಿಲೆ.

ನರ್ಸಿನ ಮುಂದೆ ಆಡುವ ನಾಟಕ, ತಾಲೀಮು ಬೇಡವೇ? ಅದಕ್ಕೆ ಅವನು ಕಚೇರಿಯ ಟೈಪಿಸ್ಟ್ ಮೇಡಂ ಅವರನ್ನು ಆರಿಸಿಕೊಂಡ. ಅವರು ಮೂರು ಮಕ್ಕಳ ತಾಯಿ, ಇವನ ಮನೆಯ ಎದುರುಸಾಲಿನಲ್ಲೇ ವಾಸ. ನೇರವಾಗಿ 'ನನಗೆ' ಎನ್ನಲು ಇವನಿಗೆ ನಾಚಿಕೆ. ದೂರಿನ ಕಿಟಕಿಯಲ್ಲಿ ಕೂತವನಿಗೆ ಗೊತ್ತು, ಜನ ತಮ್ಮ ಮನೆಯ ನಲ್ಲಿ ಕೆಟ್ಟರೂ 'ನಮಗೆ ಗೊತ್ತಿರೋರ ಮನೆ ನಲ್ಲಿ' ಎನ್ನುತ್ತಾರೆ. ಇವನೂ ಅದೇ ದಾರಿ ಹಿಡಿದ.

"ಮೇಡಂ, ನಮ್ಮ ಮನೇಲೊಬ್ಬರಿಗೆ ಬೆಳಿಗ್ಗೆ ಎದ್ರೆ ಓಕರಿಕೆ."

ಟೈಪಿಸ್ಟ್ ಮೇಡಂ ಬೆರಳು ನಿಂತಿತು.

"ಒಗ್ಗರಣೆ ವಾಸನೆ ಅಂದ್ರೆ ಆಗಲ್ಲ. ಹುಳಿ, ಹುಳಿ ಅಂತ ಒಂದೇ ಆಸೆ. ಸೊಂಟ ನೋವು ಬೇರೆ."

"ಎಷ್ಟು ತಿಂಗಳಾಯ್ತು?" ಮೇಡಂ ದನಿ ಪಿಸುಮಾತಿಗೆ ಇಳಿದಿತ್ತು.

ಕಾಯಿಲೆ ಹಳೆಯದಾದಷ್ಟೂ ಮರ್ಯಾದೆ ಹೆಚ್ಚು ಎಂದು ಲೆಕ್ಕ ಹಾಕಿ, "ಮೂರಿರಬಹುದು," ಎಂದ.

"ಅಯ್ಯೋ, ಈ ವಯಸ್ಸಲ್ಲಿ!"

"ವಯಸ್ಸಾದ ಮೇಲೇ ಅಲ್ವಾ ಮೇಡಂ, ಇದೆಲ್ಲ ಬರೋದು?"

ಆಗತ್ತಪ್ಪನ ಮನೆಯಲ್ಲಿ ಈಗ ಇರುವುದು ಇಬ್ಬರೇ. ಅವರಲ್ಲಿ ಒಬ್ಬ ಗಂಡಸು. ಟೈಪಿಸ್ಟ್ ಮೇಡಂ ಲೆಕ್ಕದಲ್ಲಿ ಚುರುಕು. ಊಟದ ಹೊತ್ತಿಗೆ ಸುದ್ದಿ ಇಡೀ ಕಚೇರಿಗೆ ಗೊತ್ತಾಗಿ, ಸಾಹೇಬರೇ ಎದ್ದು ಬಂದು ಬೆನ್ನು ತಟ್ಟಿದರು. "ಭೇಷ್! ನಿನ್ನನ್ನ ನಾನು ಏನೋ ಅಂದ್ಕೊಂಡಿದ್ದೆ ಕಣಯ್ಯಾ. ಇವತ್ತು ಬೇಗ ಮನೆಗೆ ಹೋಗು."

ಕಾಯಿಲೆ ಬಿದ್ದವನ ಬೆನ್ನು ತಟ್ಟುವ ಸಾಹೇಬರನ್ನು ಅವನು ಕಂಡದ್ದು ಅದೇ ಮೊದಲು. ಕಾಯಿಲೆ ಅಂದರೆ ಹೀಗಿರಬೇಕು ಎಂದುಕೊಂಡು ಛತ್ರಿ ಬೀಸುತ್ತ ಮನೆಗೆ ಹೊರಟ. ದಾರಿಯಲ್ಲೇ ಮಗಳ ಫೋನು.

"ಅಪ್ಪಾ, ಟೈಪಿಸ್ಟ್ ಆಂಟಿ ಹೇಳಿದ್ದು ನಿಜಾನಾ?"

"ನಿಜ ಮಗಳೇ. ಗಾಬರಿಯಾಗ್ಬೇಡ."

"ನಿಮಗೆ ನಾಚಿಕೆ ಆಗಲ್ವಾಪ್ಪ? ನನ್ನ ಫ್ರೆಂಡ್ಸ್‌ಗೆ ಏನಂತ ಹೇಳ್ಲಿ?"

"ಇದರಲ್ಲಿ ನಾಚ್ಕೊಳ್ಳೋದೇನಿದೆ? ಯಾರಿಗೆ ಬೇಕಾದ್ರೂ ಬರಬಹುದು. ನಾಳೆ ನಿನಗೂ ಬರಬಹುದು."

ಫೋನು ಕಟ್ಟಾಯಿತು. ಅಪ್ಪನಿಗಾಗಿ ಮಗುವಿಗೆ ಎಷ್ಟು ಸಂಕಟ ಎಂದು ಅವನ ಕಣ್ಣು ತುಂಬಿತು. ಆ ಸಂಜೆಯೂ ಕೋಣೆಯ ಬಾಗಿಲು ಮುಚ್ಚಿಯೇ ಇದ್ದುದರಿಂದ ನಾಟಕ ಮಾರನೆಯ ದಿನಕ್ಕೆ ಹೋಯಿತು.

ಇಲಿ ಬಂತು ಅಂದರೆ ಹುಲಿ ಬಂತು ಅನ್ನುವ ಬೀದಿ ಅದು. ಮಗಳು ಅಜ್ಜಿಗೆ ಹೇಳಿದಳು. ಟೈಪಿಸ್ಟ್ ಮೇಡಂ ಕೆಳಗಿನ ಅಜ್ಜನ ಕಿವಿಯಲ್ಲಿ ಕೂಗಿ ಹೇಳಿ, ಅವರೊಬ್ಬರಿಗೇ ಎಂದು ಬೀದಿಗೆಲ್ಲ ಕೇಳಿಸಿದರು. ಬೀದಿಯಿಂದ ಅದು ದೊಡ್ಡಾಸ್ಪತ್ರೆಗೂ ಹೋಯಿತು. ಮಾರನೆಯ ದಿನ ಇವನು ಕಚೇರಿಯಿಂದ ಬಂದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಚೀಲದ ತುಂಬ ನಿಂಬೆಹಣ್ಣು.

"ಅಳಿಯಂದಿರೇ, ಇದೇನು ಇದು! ಹುಳಿ ಬೇಕಂತೆ, ತಂದಿದ್ದೀನಿ."

ಅತ್ತೆಗೆ ತನ್ನ ಮೇಲೆ ಇಷ್ಟು ಅಕ್ಕರೆ ಇದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲೇ ಒಂದು ಹಣ್ಣು ಸುಲಿದು, ಅತ್ತೆಯ ಸಮಾಧಾನಕ್ಕೆಂದು, ಮುಖ ಕಿವುಚಿಕೊಂಡು ತಿಂದ. ಅತ್ತೆ ಬಾಯಿ ತೆರೆದು ನೋಡುತ್ತಿದ್ದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೆಂಡತಿ ಬಂದಳು. ಬ್ಯಾಗನ್ನು ಕೆಳಗಿಡದೆ ನಡುಮನೆಯಲ್ಲಿ ನಿಂತಳು.

"ಬೆಳಿಗ್ಗೆಯಿಂದ ವಾರ್ಡಲ್ಲಿ ನನಗೆ ಯಾರೂ ಒಂದು ಬಕೆಟ್ ಎತ್ತೋಕೆ ಬಿಡ್ಲಿಲ್ಲ. ಇನ್‌ಚಾರ್ಜ್ ಹುಡುಗಿ ಕುರ್ಚಿ ಹಾಕಿ ಕೂರಿಸಿದ್ಳು. ನಾನು ಬಸುರಿ ಅಲ್ಲ ಅಂದ್ರೆ, 'ಮೊದಲು ಎಲ್ರೂ ಹಾಗೇ ಅಂತಾರೆ ಸಿಸ್ಟರ್' ಅಂತಾಳೆ."

"ಬಸುರಿಯಾ?" ಎಂದ ಆಗತ್ತಪ್ಪ. ಬಾಯಲ್ಲಿ ಇನ್ನೂ ನಿಂಬೆಹಣ್ಣಿತ್ತು.

"ಕೆಳಗಡೆ ಅಜ್ಜ, ನೀನು ಬಗ್ಗಿ ನನ್ನ ಕಾಲು ನೋಡೋದು ಬೇಡಮ್ಮ ಅಂತ ಹೇಳಿ ತಂಗಿ ಮನೆಗೆ ಹೊರಟೋದ್ರು. ಇನ್‌ಚಾರ್ಜ್ ಕಾಲೇಜಿಗೂ ಫೋನ್ ಮಾಡಿದಾಳೆ. ನೀವು ವಿಶ್ರಾಂತಿ ತಗೊಳ್ಳಿ, ವೈವಾ ಮುಂದಿನ ವರ್ಷ ಕೊಡಿ ಅಂತ ಪ್ರೊಫೆಸರ್ ಮೆಸೇಜ್ ಬಂದಿದೆ. ನಾಳೆ ಇತ್ತು ವೈವಾ. ಯಾರು ಹೇಳಿದ್ದು ಇದನ್ನ?"

ಅತ್ತೆ, "ಮೊಮ್ಮಗಳು," ಎಂದರು. ಮೊಮ್ಮಗಳಿಗೆ ಟೈಪಿಸ್ಟ್. ಟೈಪಿಸ್ಟಿಗೆ? ಇಬ್ಬರ ಕಣ್ಣೂ ನಿಂಬೆಹಣ್ಣಿನ ಮೇಲೆ ಬಂದು ನಿಂತಿತು.

"ನಾನು ನನ್ನ ವಿಷಯ ಹೇಳಿದ್ದು," ಎಂದು ಆಗತ್ತಪ್ಪ ತೊದಲುತ್ತ ಓಕರಿಕೆಯಿಂದ ಅಳುವಿನವರೆಗೆ ಎಲ್ಲವನ್ನೂ ಒಪ್ಪಿಸಿದ.

ಹೆಂಡತಿ ಕೊನೆಯವರೆಗೂ ಕೇಳಿದಳು. "ಇದು ಮಂಗಳವಾರದ ಪಾಠ," ಎಂದಳು.

"ಹಾಗಾದ್ರೆ ಈ ನಿಂಬೆಹಣ್ಣು?" ಎಂದರು ಅತ್ತೆ.

ಯಾರೂ ನಗಲಿಲ್ಲ. ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು, "ನಿಮಗೆ ಏನು ಬೇಕಾಗಿತ್ತು ರೀ?" ಎಂದು ಕೇಳಿದಳು. ಅವನಿಗೆ ಬೇಕಾದದ್ದು ಎದುರಿಗೇ ಕೂತಿತ್ತು. ಆದರೂ "ಏನಿಲ್ಲ," ಎಂದ. ಅವಳು ಎದ್ದು ಕೋಣೆಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಆದರೆ ಬೈಯಬೇಕೆಂದರೂ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕಲ್ಲ.

ಮಾರನೆಯ ಸಂಜೆ, ಏನಾದರಾಗಲಿ ಎಂದು ಅವಳು ಪರದೆಯ ಮುಂದೆ ಕೂತಳು. ಆಗತ್ತಪ್ಪ ಬಾಗಿಲ ಹೊರಗೆ ನಿಂತ. ಚೌಕಗಳೊಳಗಿನ ನರ್ಸುಗಳೆಲ್ಲ ಒಟ್ಟಿಗೆ, "ಸಿಸ್ಟರ್, ಹುಷಾರು!" ಎಂದರು.

"ನೀವು ಯಾಕಮ್ಮ ಬಂದ್ರಿ? ಮಲಗಿರಬೇಕಿತ್ತಲ್ಲ," ಎಂದರು ಪ್ರೊಫೆಸರ್ ಮೇಡಂ.

"ಮೇಡಂ, ನಾನು ಬಸುರಿ ಅಲ್ಲ."

"ಸಂಕೋಚ ಬೇಡಮ್ಮ. ಒಂದು ವರ್ಷ ತಡವಾದ್ರೆ ಏನಂತೆ?"

ಒಂದು ವರ್ಷ! ಇನ್ನೊಂದು ವರ್ಷ ಈ ಬಾಗಿಲು ಮುಚ್ಚಿರಬೇಕಲ್ಲ ಎಂದು ಹೊರಗೆ ನಿಂತವನಿಗೆ ಮೊದಲು ಅನಿಸಿದ್ದು ನಿಜ, ಸುಳ್ಳೇಕೆ ಹೇಳಬೇಕು? ಆದರೆ ಬಾಗಿಲ ಸಂದಿಯಿಂದ ಅವಳ ಬೆನ್ನು ಕಂಡಿತು. ವಾರ್ಡಿನಲ್ಲಿ ಸದಾ ನೆಟ್ಟಗಿರುವ ಆ ಬೆನ್ನು ಬಾಗಿತ್ತು. ಆಗತ್ತಪ್ಪ ಬಾಗಿಲು ತಳ್ಳಿ ಒಳಗೆ ಹೋಗಿ ಪರದೆಗೆ ಕೈಮುಗಿದ.

"ಮೇಡಂ, ಬಸುರಿ ಅವಳಲ್ಲ. ನಾನು."

ನಲವತ್ತು ಚೌಕಗಳಲ್ಲಿ ನಲವತ್ತು ಮುಖಗಳು ಪರದೆಯ ಹತ್ತಿರಕ್ಕೆ ಬಾಗಿದವು.

"ಅಂದ್ರೆ, ಆ ಲಕ್ಷಣಗಳೆಲ್ಲ ನನ್ನವು. ನನ್ನವೂ ಅಲ್ಲ, ನಿಮ್ಮವು. ನೀವೇ ಮಂಗಳವಾರ ಹೇಳಿದ್ರಿ, ಕುಕ್ಕರ್ ಕೂಗ್ತಿತ್ತು. ನನಗೆ ಯಾವ ಕಾಯಿಲೆಯೂ ಇಲ್ಲ ಮೇಡಂ, ಕಲ್ಲು ತಿಂದ್ರೂ ಕರಗತ್ತೆ. ತಪ್ಪೆಲ್ಲ ನಂದು. ಅವಳನ್ನ ಒಂದು ವರ್ಷ ಹಿಂದಕ್ಕೆ ಹಾಕ್ಬೇಡಿ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಜ್ಜನ ಆರೈಕೆಯ ವಿವರಗಳೆಲ್ಲ ತಮ್ಮ ಮುಂದಿವೆ, ಚೆನ್ನಾಗಿವೆ, ಆದರೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು ಎಂದರು. ಆಮೇಲೆ, "ಕೂತ್ಕೊಳ್ಳಿ," ಎಂದು ಆಗತ್ತಪ್ಪನಿಗೇ ಹೇಳಿದರು.

"ಸಿಸ್ಟರ್, ರೋಗದ ಹೆಸರು ಡಾಕ್ಟರು ಹೇಳ್ತಾರೆ. ಈ ಮನುಷ್ಯನಿಗೆ ಏನು ಕಮ್ಮಿಯಾಗಿದೆ ಅನ್ನೋದನ್ನ ನರ್ಸ್ ಹೇಳ್ಬೇಕು. ಇವರನ್ನ ಈಗ ವಿಚಾರಿಸಿ. ನಾವೆಲ್ಲ ನೋಡ್ತೀವಿ."

ಹೆಂಡತಿ ಅವನತ್ತ ತಿರುಗಿದಳು. ಮಣಿಕಟ್ಟು ಹಿಡಿದಳು. ಒಂದು ವರ್ಷದ ಮೇಲೆ ಅವಳು ಅವನನ್ನು ಸರಿಯಾಗಿ ನೋಡಿದ್ದು ಆಗ.

"ನಿದ್ದೆ ಬರತ್ತಾ?"

"ಇಲ್ಲ. ಟೀ ಜಾಸ್ತಿಯಾಗಿದೆ. ಎರಡು ಲೋಟ."

"ಎರಡು ಯಾಕೆ?"

"ಒಂದು ನಿಂದು."

ಅವಳ ಬೆರಳು ಮಣಿಕಟ್ಟಿನ ಮೇಲೆ ಬಿಗಿಯಾಯಿತು. "ಊಟ ಯಾರ ಜೊತೆ ಮಾಡ್ತೀರಾ?"

"ರೇಡಿಯೋ ಜೊತೆ."

"ಮನಸ್ಸಿಗೆ ಏನಾದ್ರೂ ಬೇಜಾರಿದೆಯಾ?"

ಆಗತ್ತಪ್ಪ ಬಾಯಿ ತೆರೆದ. ಈ ಪ್ರಶ್ನೆಗಾಗಿ ಅವನು ಬಸುರಿನವರೆಗೂ ಹೋಗಿ ಬಂದಿದ್ದ. "ಮೊನ್ನೆ ಒಬ್ಬ ಮುದುಕ ನಲ್ಲಿಯಲ್ಲಿ ಮೀನುಮರಿ ಬಂತು ಅಂತ ಬಾಟಲಿಯಲ್ಲಿ ಹಾಕ್ಕೊಂಡು ಬಂದಿದ್ದ," ಎಂದ. "ನಿಂಗೆ ಹೇಳ್ಬೇಕು ಅಂತಿದ್ದೆ. ಹೇಳೋಕೆ ಆಗ್ಲಿಲ್ಲ. ಅಂಥವು ತುಂಬ ಉಳ್ಕೊಂಡುಬಿಟ್ಟಿವೆ."

"ಏನು ಕಮ್ಮಿಯಾಗಿದೆ ಸಿಸ್ಟರ್?" ಎಂದು ಪ್ರೊಫೆಸರ್ ಮೇಡಂ ಕೇಳಿದರು.

"ನಾನು, ಮೇಡಂ," ಎಂದಳು ಅವಳು. "ಮನೆಯಲ್ಲೇ ಇದ್ದೀನಿ. ಆದ್ರೂ ಕಮ್ಮಿ."

"ಯಾವಾಗ ಗುಣವಾಗತ್ತೆ?"

"ಕೋರ್ಸ್ ಮುಗಿಯೋಕೆ ಇನ್ನೊಂದು ವರ್ಷ ಇದೆ."

ಮೇಡಂ ಅವರ ಚೌಕದಲ್ಲಿ, ಪಕ್ಕದಿಂದ ಒಂದು ಗಂಡಸಿನ ಕೈ ಬಂದು ಸದ್ದಿಲ್ಲದೆ ಲೋಟವೊಂದನ್ನು ಇಟ್ಟು ಹಿಂದೆ ಸರಿಯಿತು. ಮೇಡಂ ಆ ಲೋಟವನ್ನು ಮೊದಲ ಬಾರಿ ನೋಡುವಂತೆ ನೋಡಿದರು. ಇತರ ಚೌಕಗಳ ಮೂಲೆಗಳಲ್ಲಿಯೂ ಒಂದೊಂದು ತಲೆ ಇಣುಕುತ್ತಿತ್ತು. ಬಾಗಿಲ ಹೊರಗೆ ನಿಂತು ಕೇಳುವವನು ತಾನೊಬ್ಬನೇ ಅಲ್ಲ ಎಂದು ಆಗತ್ತಪ್ಪನಿಗೆ ಆಗ ತಿಳಿಯಿತು.

"ಪಾಸ್," ಎಂದರು ಮೇಡಂ. "ಇನ್ಮೇಲೆ ಕ್ಲಾಸಿನ ಮಧ್ಯೆ ಹತ್ತು ನಿಮಿಷ ಬಿಡುವು. ಎಲ್ರೂ ಎದ್ದು ಹೊರಗೆ ಹೋಗ್ಬೇಕು."

ಅತ್ತೆ ಊರಿಗೆ ಹೋದರು, ನಿಂಬೆಹಣ್ಣು ಉಳಿಯಿತು. ಮಾರನೆಯ ಸಂಜೆ ಆಗತ್ತಪ್ಪ ಎರಡು ಲೋಟ ಟೀಗೂ ನಿಂಬೆರಸ ಹಿಂಡಿ ಮೆಟ್ಟಿಲ ಮೇಲೆ ಕೂತ. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ. ಹತ್ತೇ ನಿಮಿಷ, ಮೊದಲು ಮೀನುಮರಿ, ಆಮೇಲೆ ಸಾಹೇಬರ ಭೇಷ್. ಬಾಗಿಲು ತೆರೆಯಿತು. ಅವಳು ಬಂದು ಪಕ್ಕದಲ್ಲಿ ಕೂತಳು. "ಮೊದಲು ನಾಡಿ ನೋಡ್ತೀನಿ, ಆಮೇಲೆ ಮಾತು," ಎಂದು ಮಣಿಕಟ್ಟು ಹಿಡಿದು ಎಣಿಸತೊಡಗಿದಳು.

ಎಣಿಸುತ್ತ ಎಣಿಸುತ್ತ ಅವಳ ತಲೆ ಅವನ ಭುಜದ ಮೇಲೆ ಬಿತ್ತು. ನಿದ್ದೆ. ಬೆರಳು ಮಾತ್ರ ನಾಡಿಯ ಮೇಲೆ ಹಾಗೇ ಇತ್ತು.

ಆಗತ್ತಪ್ಪ ಅಲ್ಲಾಡಲಿಲ್ಲ. ಮೀನುಮರಿ ಗಂಟಲಲ್ಲೇ ಉಳಿಯಿತು. ಒಂದು ವರ್ಷದಿಂದ ಹಂಬಲಿಸಿದ ಭಾರ ಭುಜದ ಮೇಲಿತ್ತು, ಆಸ್ಪತ್ರೆಯ ಸೋಪಿನ ವಾಸನೆ ಮೂಗಿಗೆ ಬರುತ್ತಿತ್ತು. ಹೀಗೇ ಇರಲಿ, ಕಾಲು ಜೋಮು ಹಿಡಿದರೂ ಸರಿ ಎಂದುಕೊಂಡ. ಅಷ್ಟರಲ್ಲಿ ಕೋಣೆಯೊಳಗಿಂದ ಕಂಚಿನ ಕಂಠ ಮತ್ತೆ ಹಾಜರಿ ಕೂಗತೊಡಗಿತು. ಹತ್ತು. ಹನ್ನೊಂದು. ಅವಳದು ಹದಿನಾಲ್ಕು. ಅವಳನ್ನು ಎಬ್ಬಿಸುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಕೇಳುವವರೂ ಇರಲಿಲ್ಲ. ಹನ್ನೆರಡು.

"ಎದ್ದೇಳು," ಎಂದು ಅವನು ಭುಜ ಅಲುಗಿಸಿದ. "ಏಳೇ, ನಿನ್ನ ನಂಬರ್ ಬಂತು."

ಅವಳು ಬೆಚ್ಚಿ ಎದ್ದಳು. "ಎಷ್ಟು ಬಂತು ನಾಡಿ? ಎಣಿಸ್ತಾ ಇದ್ದೆ..."

"ಸರಿ ಇಲ್ಲ," ಎಂದ ಆಗತ್ತಪ್ಪ ಗಂಭೀರವಾಗಿ. "ನಾಳೆ ಮತ್ತೆ ನೋಡ್ಬೇಕಾಗತ್ತೆ."

ಅವಳು ನಗುತ್ತ, ತನ್ನ ಲೋಟ ಎತ್ತಿಕೊಂಡು ಒಳಗೆ ಓಡಿದಳು. "ಇದ್ದೀನಿ ಮೇಡಂ!" ಎಂಬ ಕೂಗು ಕೇಳಿತು. ಆ ದಿನ ಅವನ ಪಾಲಿಗೆ ಉಳಿದದ್ದು ಒಂದೇ ಲೋಟ ಟೀ.